ಕುರ್ಚಿಯಲ್ಲಿ ವಾಸವಿದ್ದ ಪದ

ನನಗೆ ಮೂಗಿನ ತುದಿಯಲ್ಲೇ ಕೋಪ. ಯಾರೋ ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು. ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಹೊಲಿಗೆ ಬಿಚ್ಚಿ ಮತ್ತೆ ಹಾಕುವುದು ನನ್ನ ರೂಢಿ. ಮನುಷ್ಯರನ್ನೂ ನಾನು ಹಾಗೇ ಬಿಚ್ಚಿ ಹೊಲಿಯುತ್ತೇನೆ ಎಂದು ನನ್ನ ಮಗ ಹೇಳುತ್ತಾನೆ. ಹೇಳಲಿ ಬಿಡಿ. ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟುಗಳನ್ನೆಲ್ಲ ಓಡಾಡಿಸುವ ಆ ಮಹಾಶಯನ ಮನೆಯಲ್ಲಿ ಗೋಡೆ ಗಡಿಯಾರ ಮೂರು ವರ್ಷದಿಂದ ನಾಲ್ಕು ಇಪ್ಪತ್ತಕ್ಕೆ ನಿಂತಿತ್ತು.

ಆ ತಿಂಗಳು ನನ್ನ ಕೋಪಕ್ಕೆ ಗುರಿಯಾದದ್ದು ಸೊಸೆಯ ಕೈ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳು ಮನೆಯೆಲ್ಲ ಒಂದು ಸುತ್ತು ಬರುತ್ತಿದ್ದಳು. ನಿಂತ ಗಡಿಯಾರದ ಕೆಳಗೆ ಹೋಗಿ ಗೋಡೆ ಮುಟ್ಟುವುದು, ಹಿಡಿ ಅಲ್ಲಾಡುವ ಕೆಟಲ್ ಮುಟ್ಟುವುದು, ಚಪ್ಪಲಿ ಸ್ಟ್ಯಾಂಡ್, ನನ್ನ ಹೊಲಿಗೆ ಯಂತ್ರ, ಕಿಟಕಿಯ ಗಾಜು, ಎಲ್ಲವನ್ನೂ ಬೆರಳ ತುದಿಯಿಂದ ಮುಟ್ಟಿ ಬಾಯಲ್ಲೇ ಏನೋ ಗೊಣಗುವುದು. ಕೊನೆಗೆ ನಾನು ಕೂತಿರುವ ಬೆತ್ತದ ಕುರ್ಚಿಯ ತೋಳನ್ನೂ ಮುಟ್ಟಿ ಹೊರಡುವುದು. ಮನೆಯ ಧೂಳು ಹೊಡೆಯುವವಳು ನಾನು. ಇವಳು ಬೆರಳಿಟ್ಟು ನೋಡುವುದೆಂದರೆ ಏನರ್ಥ? ಎರಡು ವಾರ ಸಹಿಸಿದೆ. ಒಂದು ದಿನ ಕೇಳಿಯೇಬಿಟ್ಟೆ.

"ಧೂಳು ಸಿಕ್ತಾ?"

"ಏನತ್ತೆ?"

"ಏನಿಲ್ಲ. ಸಿಕ್ರೆ ಹೇಳು, ಪೊರಕೆ ಎಲ್ಲಿದೆ ಅಂತ ತೋರಿಸ್ತೀನಿ."

ಅವಳ ಮುಖ ಬಾಡಿತು. ಮಾತಾಡದೆ ಚಪ್ಪಲಿ ಹಾಕಿಕೊಂಡು ಹೋದಳು. ಮಾತಿಗೆ ಮಾತು ಕೊಡುವವಳಾಗಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಹಾಗೆ ಸುಮ್ಮನೆ ಹೋದದ್ದು ಮಾತ್ರ ಸಂಜೆಯವರೆಗೂ ಮುಳ್ಳಿನಂತೆ ಚುಚ್ಚುತ್ತಿತ್ತು.

ಅವಳು ಆಸ್ಪತ್ರೆಯಲ್ಲಿ ಟೈಪಿಸ್ಟ್. ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಅಂಗೈಯಗಲದ ಯಂತ್ರವೊಂದರಲ್ಲಿ ಇಂಗ್ಲಿಷಿನಲ್ಲಿ ಗೊಣಗುತ್ತಾರೆ. ಇವಳು ಅದನ್ನು ಕಿವಿಗೆ ಹಾಕಿಕೊಂಡು ಕೇಳಿ ಕಾಗದಕ್ಕೆ ಇಳಿಸಬೇಕು. ಏಳು ವರ್ಷದಿಂದ ಇದೇ ಕೆಲಸ, ಏಳು ವರ್ಷವೂ ಟೆಂಪರರಿ. ಈಗ ಆಸ್ಪತ್ರೆಯವರು ಟೆಂಪರರಿಗಳನ್ನೆಲ್ಲ ತೆಗೆದು ಒಬ್ಬರನ್ನು ಮಾತ್ರ ಖಾಯಂ ಮಾಡುತ್ತೇವೆ ಎಂದಿದ್ದರು. ಅದಕ್ಕೊಂದು ಪರೀಕ್ಷೆ: ಮೂವತ್ತು ವಾಕ್ಯ ಕೇಳಿ ಟೈಪ್ ಮಾಡಬೇಕು, ಮೂರಕ್ಕಿಂತ ಹೆಚ್ಚು ತಪ್ಪಾದರೆ ಮನೆಗೆ ಹೋಗಬೇಕು. ನಲವತ್ತು ತುಂಬಿದವರು ಕೂರುವಂತಿಲ್ಲ. ಇವಳಿಗೆ ಮುಂದಿನ ತಿಂಗಳೇ ನಲವತ್ತು. ಅಂದರೆ ಇದೇ ಮೊದಲು, ಇದೇ ಕೊನೆ.

ಅವಳ ಬೆರಳಿನ ವೇಗಕ್ಕೆ ಎಣೆಯಿಲ್ಲ. ತೊಂದರೆಯಿದ್ದದ್ದು ಒಂದೇ ಥರ ಕೇಳಿಸುವ ಪದಗಳಲ್ಲಿ. ಅಳಿಯ ಅಲ್ಲ, ಮಗಳ ಗಂಡ ಎಂದು ನಾವು ಹೇಳುತ್ತೇವಲ್ಲ, ಅಲ್ಲಿ ಆಸಾಮಿ ಒಬ್ಬನೇ, ಹೆಸರು ಎರಡು. ಇಂಗ್ಲಿಷಿನವರದ್ದು ತಿರುಗುಮುರುಗು. ಹೆಸರು ಒಂದೇ, ಆಸಾಮಿಗಳು ಇಬ್ಬರು. ವೀಕ್ ಎಂದರೆ ವಾರವಂತೆ, ವೀಕ್ ಎಂದರೆ ನಿತ್ರಾಣವೂ ಅಂತೆ. ಪೇನ್ ಎಂದರೆ ನೋವು, ಪೇನ್ ಎಂದರೆ ಕಿಟಕಿ ಗಾಜು. ಬರೆಯುವಾಗ ಮಾತ್ರ ಅಕ್ಷರ ಬೇರೆ ಬೇರೆ. ಒಮ್ಮೆ ಇವಳ ಕೈಯಲ್ಲಿ, ರೋಗಿಗೆ ಎರಡು ದಿನದಿಂದ ವಿಪರೀತ ಕಿಟಕಿ ಗಾಜು ಇದೆ, ಎರಡು ನಿತ್ರಾಣ ಬಿಟ್ಟು ಮತ್ತೆ ಬರಲಿ ಎಂದು ಟೈಪಾಗಿತ್ತು. ಅಲ್ಲಿನ ಹಿರಿಯ ಟೈಪಿಸ್ಟನ್ನು ಎಲ್ಲರೂ ಕೆಂಪು ಪೆನ್ಸಿಲ್ ಎನ್ನುತ್ತಾರೆ. ಆಕೆ ಆ ಹಾಳೆಗೆ ಎರಡು ಕೆಂಪು ಸೊನ್ನೆ ಸುತ್ತಿ ನೋಟಿಸ್ ಬೋರ್ಡಿಗೇ ಚುಚ್ಚಿದ್ದಳು. ಮನೆಗೆ ಬಂದು ಸೊಸೆ ಅದನ್ನು ನಗುತ್ತಲೇ ಹೇಳಿದಳು. ಹೇಳಿ ಮುಗಿಸಿ ಬಚ್ಚಲಿಗೆ ಹೋಗಿ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

"ಕಂಪ್ಯೂಟರ್ ತಪ್ಪು ತೋರಿಸಲ್ವಾ?" ಎಂದು ನಾನು ಮಗನನ್ನು ಕೇಳಿದ್ದೆ.

"ಎರಡೂ ಸರಿಯಾದ ಪದಗಳೇ ಅಲ್ವಾಮ್ಮ, ಅದಕ್ಕೇ ಅದು ಸುಮ್ನೆ ಇರುತ್ತೆ."

ನನಗೆ ಚೆನ್ನಾಗಿ ಅರ್ಥವಾಯಿತು. ಅತ್ತೆ ಸೊಸೆ ಮಾತು ಬೆಳೆಸಿಕೊಂಡಾಗ ಇಬ್ಬರದೂ ಸರಿ ಎಂದು ಸುಮ್ಮನಿರುವ ಯಂತ್ರವೊಂದು ನಮ್ಮ ಮನೆಯಲ್ಲೂ ಇದೆ. ಲಿಫ್ಟ್ ರಿಪೇರಿ ಮಾಡುತ್ತದೆ.

ಪೊರಕೆಯ ಮಾತಾಡಿದ ಆ ಸಂಜೆಯೇ ನಾನು ಅಡುಗೆಮನೆಗೆ ಇಣುಕಿದಾಗ ಅವಳು ಒಲೆಯ ಪಕ್ಕ ನಿಂತೇ ಓದುತ್ತಿದ್ದಳು. ಬ್ರೆಡ್ಡಿನ ಡಬ್ಬಿಗೆ ಪುಸ್ತಕ ಒರಗಿಸಿಕೊಂಡು, ಒಂದು ಕೈಯಲ್ಲಿ ಸೂಪು ತಿರುವುತ್ತಾ. ಈ ಮನೆಯಲ್ಲಿ ನನಗೊಂದು ಕುರ್ಚಿಯಿದೆ, ಮಗನಿಗೆ ಸೋಫಾ ಇದೆ, ಹನ್ನೊಂದು ವರ್ಷದ ಮೊಮ್ಮಗಳಿಗೆ ಊಟದ ಮೇಜಿನ ಒಂದು ಬದಿಯಿದೆ. ಬದುಕಿನ ಒಂದೇ ಪರೀಕ್ಷೆಗೆ ಓದುತ್ತಿರುವವಳಿಗೆ ಕೂರಲು ಜಾಗವಿಲ್ಲ. ನನಗೆ ನನ್ನ ಮೇಲೇ ಕೋಪ ಬಂತು.

ಪರೀಕ್ಷೆಯ ಹಿಂದಿನ ದಿನ ಅವಳಿಗೆ ಹಗಲು ಡ್ಯೂಟಿ. ಮಗನಿಗೆ ರಜೆ ಹಾಕಿಸಿದೆ, ಮೊಮ್ಮಗಳಿಗೆ ಹೇಗೂ ರಜೆಯಿತ್ತು. ಮೂವರೂ ಸೇರಿ ಮನೆಯನ್ನು ತಲೆಕೆಳಗು ಮಾಡಿದೆವು. ಬೆಳಕು ಚೆನ್ನಾಗಿ ಬೀಳುವುದು ಕಿಟಕಿಯ ಹತ್ತಿರ, ಅಲ್ಲಿ ಅವಳಿಗೆ ಓದುವ ಮೇಜು. ಅಲ್ಲಿದ್ದ ಹೊಲಿಗೆ ಯಂತ್ರ ಮಲಗುವ ಕೋಣೆಗೆ ಹೋಯಿತು. ಚಪ್ಪಲಿ ಸ್ಟ್ಯಾಂಡ್ ಹೊರಗೆ, ಕಸದ ಬುಟ್ಟಿ ಹಿಂದಕ್ಕೆ, ಕ್ಯಾಲೆಂಡರ್ ಅಡುಗೆಮನೆಗೆ. ಕೆಲಸಕ್ಕೆ ಇಳಿದ ಮೇಲೆ ಮಗನಿಗೂ ಹುಮ್ಮಸ್ಸು ಬಂತು. ಗಡಿಯಾರಕ್ಕೆ ಬ್ಯಾಟರಿ ಹಾಕಿದ. ಕೆಟಲಿನ ಹಿಡಿ ಬಿಗಿ ಮಾಡಿದ. ಎಲ್ಲರೂ ಕಾಲ್ಬೆರಳು ಜಜ್ಜಿಕೊಳ್ಳುತ್ತಿದ್ದ ಒಳಬಾಗಿಲಿನ ಹೊಸ್ತಿಲನ್ನು ಉಳಿ ತೆಗೆದುಕೊಂಡು ಕೆತ್ತಿ ಸಪಾಟು ಮಾಡಿದ.

ಇಷ್ಟಾದರೂ ಮೇಜಿಗೆ ಜಾಗ ಸಾಲಲಿಲ್ಲ. ಅಡ್ಡ ಇದ್ದದ್ದು ನನ್ನ ಬೆತ್ತದ ಕುರ್ಚಿ. ಮೂವತ್ತು ವರ್ಷದ ಕುರ್ಚಿ, ನಾನು ಹೊಲಿದ ಅಂಗಿಗಳ ಗುಂಡಿಗಳೆಲ್ಲ ಅದರಲ್ಲಿ ಕೂತು ಹಚ್ಚಿದವು. ಅದನ್ನು ಬೇರೆಲ್ಲಿಡೋಣ ಎಂದು ಮಗ ಮೂಲೆ ಹುಡುಕುತ್ತಿದ್ದಾಗಲೇ ಬೀದಿಯಲ್ಲಿ ಗುಜರಿಯವನ ಕೂಗು ಕೇಳಿಸಿತು.

"ಕೊಟ್ಬಿಡು," ಎಂದೆ.

"ಅಮ್ಮಾ, ನಿನ್ನ ಕುರ್ಚಿ!"

"ಗೊತ್ತು ಯಾರ ಕುರ್ಚಿ ಅಂತ. ನಾನು ಮನಸ್ಸು ಬದಲಾಯಿಸೋಕೆ ಮುಂಚೆ ಕೊಟ್ಬಿಡು."

ಕೊಟ್ಟೆವು. ಒಳಗೊಳಗೇ ನನಗೆ ನನ್ನ ಬಗ್ಗೆ ತುಂಬಾ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆರು ಗಂಟೆಗೆ ಸೊಸೆ ಬಂದಳು. ಬಾಗಿಲಲ್ಲಿ ನಿಂತಳು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಗಡಿಯಾರ ಟಿಕ್ ಟಿಕ್ ಎಂದಿತು. ಸೊಸೆ ಒಂದೊಂದೇ ಮೂಲೆಗೆ ಕಣ್ಣು ಹಾಯಿಸಿದಳು, ಪ್ರತಿ ಮೂಲೆಗೂ ಅವಳ ಮುಖದ ಬಣ್ಣ ಸ್ವಲ್ಪ ಸ್ವಲ್ಪವೇ ಇಳಿಯಿತು.

"ತುಂಬಾ ಚೆನ್ನಾಗಿದೆ ಅತ್ತೆ," ಎಂದಳು.

ಹೊಸ ಮೇಜಿನ ಮುಂದೆ ಕೂತಳು. ಮೊಮ್ಮಗಳು ಪುಸ್ತಕದಿಂದ ಮೂವತ್ತು ವಾಕ್ಯ ಓದಿದಳು, ತಾಯಿ ಬರೆದಳು. ಆಮೇಲೆ ಮಗಳೇ ತಿದ್ದಿದಳು. ಹಿಂದಿನ ದಿನ ಎರಡೇ ತಪ್ಪು ಮಾಡಿದ್ದವಳು ಇವತ್ತು ಹನ್ನೊಂದು ತಪ್ಪು ಮಾಡಿದ್ದಳು. ಸೊಸೆ ಪೆನ್ನು ಕೆಳಗಿಟ್ಟು ಹಣೆಯನ್ನು ಮೇಜಿಗೆ ಒತ್ತಿಕೊಂಡಳು.

"ಏನಾಯ್ತು?" ಎಂದೆ. "ಬೆಳಕು ಸಾಲ್ದಾ?"

"ಬೆಳಕೇನೋ ಇದೆ ಅತ್ತೆ. ನನ್ನ ಪದಗಳೇ ಮನೆ ಬಿಟ್ಟು ಹೋದ್ವು."

ಆಮೇಲೆ ಅವಳು ಹೇಳಿದ್ದು ಇದು. ಅವಳ ತಂದೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಒಂದೇ ಹೆಸರಿನವರು ಒಂದೇ ಬೀದಿಯಲ್ಲಿ ನಾಲ್ಕು ಜನ ಇದ್ದರೂ ಕಾಗದ ತಪ್ಪಿಸಿದವರಲ್ಲ. ಹೆಸರು ನೋಡಬೇಡ, ಮನೆ ನೋಡು, ಮನೆ ಗೊತ್ತಿದ್ದರೆ ಮನುಷ್ಯ ತಪ್ಪುವುದಿಲ್ಲ ಎಂದು ಮಗಳಿಗೆ ಹೇಳಿಕೊಟ್ಟಿದ್ದರು. ಅದಕ್ಕೇ ಇವಳು ಒಂದೊಂದು ಪದಕ್ಕೂ ನಮ್ಮ ಮನೆಯಲ್ಲಿ ಒಂದೊಂದು ವಿಳಾಸ ಕೊಟ್ಟಿದ್ದಳು. ವಾರದ ವೀಕ್ ಕ್ಯಾಲೆಂಡರಿನಲ್ಲಿ, ನಿತ್ರಾಣದ ವೀಕ್ ಕೆಟಲಿನ ಅಲ್ಲಾಡುವ ಹಿಡಿಯಲ್ಲಿ. ಹಿಮ್ಮಡಿಯ ಹೀಲ್ ಚಪ್ಪಲಿ ಸ್ಟ್ಯಾಂಡಿನಲ್ಲಿ, ಗಾಯ ವಾಸಿಯಾಗುವ ಹೀಲ್ ಔಷಧಿ ಡಬ್ಬಿಯಲ್ಲಿ. ಸೊಂಟದ ವೇಸ್ಟ್ ನನ್ನ ಹೊಲಿಗೆ ಯಂತ್ರದ ಮೇಲಿನ ಅಳತೆ ಟೇಪಿನಲ್ಲಿ, ಕಸದ ವೇಸ್ಟ್ ಬುಟ್ಟಿಯಲ್ಲಿ. ಗಾಜಿನ ಪೇನ್ ಕಿಟಕಿಯಲ್ಲಿ, ನೋವಿನ ಪೇನ್ ಹೊಸ್ತಿಲಲ್ಲಿ. ಕದಲದೆ ನಿಂತದ್ದು ಎಂಬ ಸ್ಟೇಷನರಿ ಗಡಿಯಾರದಲ್ಲಿ, ಕಾಗದ ಪೆನ್ನಿನ ಸ್ಟೇಷನರಿ ಊಟದ ಮೇಜಿನ ಡ್ರಾಯರಿನಲ್ಲಿ.

"ಕಿವಿಗೆ ಪದ ಬಿದ್ದ ತಕ್ಷಣ ಮನಸ್ಸಲ್ಲೇ ಆ ಜಾಗಕ್ಕೆ ಓಡ್ತೀನಿ ಅತ್ತೆ. ಅಕ್ಷರಗಳು ಅಲ್ಲಿ ಕೂತಿರ್ತಾವೆ. ಬೆಳಿಗ್ಗೆ ಬೆಳಿಗ್ಗೆ ಮುಟ್ಟಿ ಬರ್ತಿದ್ದಿದ್ದು ಅದಕ್ಕೇ. ಈಗ ಓಡಿದ್ರೆ ಯಾರೂ ಮನೇಲಿಲ್ಲ. ಗಡಿಯಾರ ಬೇರೆ ಓಡ್ತಿದೆ!"

ಧೂಳು! ನಾನು ಧೂಳು ಅಂದುಕೊಂಡಿದ್ದೆ. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದಂತಾಗಿತ್ತು ನಮ್ಮ ಕಥೆ. ಮಗ ಚಾವಣಿ ನೋಡುತ್ತಿದ್ದ. ಮೊಮ್ಮಗಳ ಕಣ್ಣಲ್ಲಿ ನೀರು ತುಂಬಿತ್ತು.

"ಅಳೋದು ಆಮೇಲೆ," ಎಂದೆ. "ಟೇಪ್ ತಗೊಂಡು ಬಾ."

ನನ್ನ ಮನೆಯ ಅಳತೆ ನನಗೆ ಬಾಯಿಪಾಠ. ಹೊಲಿಗೆ ಯಂತ್ರ ಗೋಡೆಯಿಂದ ಹದಿನಾಲ್ಕು ಇಂಚು, ಅದಕ್ಕಿಂತ ಹತ್ತಿರವಾದರೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಚಪ್ಪಲಿ ಸ್ಟ್ಯಾಂಡ್ ಬಾಗಿಲಿನ ಚೌಕಟ್ಟಿನಿಂದ ಆರು ಇಂಚು. ಬುಟ್ಟಿ ಸಿಂಕಿನ ಕೆಳಗೆ, ಬಲಕ್ಕೆ. ನಾನು ಹೇಳುತ್ತಾ ಹೋದೆ, ಮೊಮ್ಮಗಳು ಟೇಪ್ ಹಿಡಿದಳು, ಮಗ ಹೊತ್ತ. ಗಡಿಯಾರದ ಬ್ಯಾಟರಿ ತೆಗೆದು ಮುಳ್ಳುಗಳನ್ನು ನಾಲ್ಕು ಇಪ್ಪತ್ತಕ್ಕೆ ತಂದ. ಬಿಗಿ ಮಾಡಿದ ಕೆಟಲಿನ ಹಿಡಿಯನ್ನು ಮತ್ತೆ ಸಡಿಲ ಮಾಡಿದ. ಕೆತ್ತಿದ ಹೊಸ್ತಿಲ ಮೇಲೆ ಮರದ ಪಟ್ಟಿ ಇಟ್ಟು ಮೊಳೆ ಹೊಡೆದ. ಹೊಡೆದು ಎದ್ದವನು ಸುತ್ತಿಗೆ ಇಡಲು ಒಳಗೆ ಹೋಗುವಾಗ ಅದೇ ಪಟ್ಟಿಗೆ ಕಾಲ್ಬೆರಳು ಜಜ್ಜಿಕೊಂಡು "ಅಯ್ಯಯ್ಯೋ" ಎಂದು ಒಂಟಿಕಾಲಲ್ಲಿ ಕುಣಿದ.

"ಪೇನ್ ವಾಪಸ್ ಬಂತಮ್ಮಾ!" ಎಂದು ಮೊಮ್ಮಗಳು ಕೂಗಿದಳು. ಅವತ್ತು ಮೊದಲ ಸಲ ಸೊಸೆ ನಕ್ಕಳು.

ಎಲ್ಲ ಮುಗಿಯಿತು ಎಂದುಕೊಂಡೆವು. ಅವಳು ಒಂದು ಸುತ್ತು ಬಂದಳು, ಒಂದೊಂದನ್ನೂ ಮುಟ್ಟಿದಳು. ಕಿಟಕಿಯ ಹತ್ತಿರ ಬಂದಾಗ ಅವಳ ಕೈ ಮಾತ್ರ ಗಾಳಿಯಲ್ಲಿ ಏನನ್ನೋ ಹುಡುಕಿತು. ಅದು ನನ್ನ ಕುರ್ಚಿಯ ಜಾಗ.

"ಇಲ್ಲಿ ಯಾವ ಪದ ಇತ್ತು?" ಎಂದೆ.

"ಬಿಡಿ ಅತ್ತೆ, ಪರವಾಗಿಲ್ಲ."

"ಪರವಾಗಿಲ್ಲ ಅನ್ನೋ ಮುಖ ಅಲ್ಲ ಅದು. ಹೇಳು."

ಅವಳು ನೆಲ ನೋಡಿದಳು. "ಆಸ್ಪತ್ರೆಯಲ್ಲಿ ದಿನಕ್ಕೆ ಐವತ್ತು ಸಲ ಬರೋ ಪದ ಅತ್ತೆ. ಪೇಷೆಂಟ್ಸ್ ಅಂದ್ರೆ ರೋಗಿಗಳು. ಅವರನ್ನ ಬಾಗಿಲ ಬೆಂಚಿನಲ್ಲಿ ಕೂರಿಸಿದ್ದೀನಿ. ಅದೇ ಥರ ಕೇಳ್ಸೋದು ಇನ್ನೊಂದು, ಪೇಷೆನ್ಸ್. ಅದು... ನಿಮ್ಮ ಕುರ್ಚಿಲಿತ್ತು."

"ಅಂದ್ರೆ?"

ಅವಳು ಗಂಡನ ಕಡೆ ನೋಡಿದಳು. ಮಗ ಮೆಲ್ಲಗೆ, "ತಾಳ್ಮೆ," ಎಂದ.

ನಾನು ಸೊಸೆಯ ಕಡೆ ತಿರುಗಿದೆ.

"ನನ್ನ ಕುರ್ಚಿಗೂ ತಾಳ್ಮೆಗೂ ಏನು ಸಂಬಂಧ?"

"ಅದು ಅತ್ತೆ... ಆ ಕುರ್ಚಿಯಿಂದ ನಿಮ್ಮ ಮಾತು ಶುರುವಾಯ್ತು ಅಂದ್ರೆ ನಂಗೆ ಆ ಪದ ತಾನಾಗೇ ನೆನಪಾಗ್ತಿತ್ತು. ಒಂದ್ಸಲನೂ ತಪ್ಪಿಲ್ಲ."

ಕೋಪ ಮಾಡಿಕೊಳ್ಳಬೇಕು ಎಂದು ಬಾಯಿ ತೆರೆದೆ. ಬಂದದ್ದು ನಗು. ಅದೂ ಹೊಟ್ಟೆಯ ತಳದಿಂದ ಬಂದ ನಗು. ಹಿಡಿದುಕೊಳ್ಳಲು ಕುರ್ಚಿಯೂ ಇಲ್ಲದೆ ಕಿಟಕಿಯ ಸರಳು ಹಿಡಿದು ನಕ್ಕೆ. ಅವಳು ಹೆದರಿ ನೋಡಿದಳು, ಆಮೇಲೆ ಅವಳಿಗೂ ನಗು ಬಂತು. ಅವಳು ಸೊಸೆಯಾಗಿ ಬಂದ ಹದಿಮೂರು ವರ್ಷದಲ್ಲಿ ನಾವಿಬ್ಬರೂ ಒಂದೇ ಮಾತಿಗೆ ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಹೊತ್ತು ಇಬ್ಬರಿಗೂ ಒಂದೇ ಕಾಲವಾಗಿತ್ತು.

ಮಗ ಕುಂಟುತ್ತಲೇ ಗುಜರಿ ಅಂಗಡಿಗೆ ಓಡಿದ. ಅರ್ಧ ಗಂಟೆಯಲ್ಲಿ ಬರಿಗೈಯಲ್ಲಿ ವಾಪಸ್ ಬಂದ. ಗುಜರಿಯವನು ಕುರ್ಚಿಯನ್ನು ಬೀದಿ ಕೊನೆಯ ಕ್ಷೌರದಂಗಡಿಗೆ ಮಾರಿಬಿಟ್ಟಿದ್ದನಂತೆ. ಅಲ್ಲಿಗೂ ಹೋಗಿ ನೋಡಿದರೆ ಅದರಲ್ಲೊಬ್ಬ ದಪ್ಪ ಮನುಷ್ಯ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದನಂತೆ, ಅವನ ಹಿಂದೆ ಇನ್ನೂ ಮೂವರು. ಬೇರೆ ಕುರ್ಚಿ ಸಿಗುವವರೆಗೆ ಕೊಡಲಾಗುವುದಿಲ್ಲ ಎಂದು ಕ್ಷೌರಿಕ ಕೈ ಮುಗಿದನಂತೆ.

"ಕುರ್ಚಿ ಇಲ್ದಿದ್ರೆ ಏನು? ಕುರ್ಚೀಲಿ ಕೂರೋಳು ಇದ್ದಾಳಲ್ಲ," ಎಂದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಎದ್ದು ಸ್ನಾನ ಮಾಡಿ, ಅಡುಗೆಮನೆಯ ಸ್ಟೂಲ್ ತಂದು ಕಿಟಕಿಯ ಹತ್ತಿರ, ನನ್ನ ಹಳೆಯ ಜಾಗದಲ್ಲಿ ಇಟ್ಟುಕೊಂಡು ಕೂತೆ. ಒರಗಲು ಬೆನ್ನಿಲ್ಲದ ಸ್ಟೂಲು. ಕೈ ಎರಡೂ ತೊಡೆಯ ಮೇಲೆ. ಮಗ ಟೋಸ್ಟ್ ಸುಟ್ಟು ಕಪ್ಪಾಗಿಸಿದ, ನಾನು ಮಾತಾಡಲಿಲ್ಲ. ಮೊಮ್ಮಗಳು ಹಾಲು ಚೆಲ್ಲಿದಳು, ಮಾತಾಡಲಿಲ್ಲ. ಇಷ್ಟು ಕಷ್ಟದ ಕೆಲಸ ನಾನು ಬದುಕಿನಲ್ಲಿ ಮಾಡಿಲ್ಲ.

ಸೊಸೆ ತನ್ನ ಸುತ್ತು ಶುರು ಮಾಡಿದಳು. ಗಡಿಯಾರ, ಕ್ಯಾಲೆಂಡರ್, ಕೆಟಲ್, ಔಷಧಿ ಡಬ್ಬಿ, ಬುಟ್ಟಿ. ಹೊಸ್ತಿಲ ಪಟ್ಟಿಯನ್ನು ಬಗ್ಗಿ ಮುಟ್ಟಿದಳು. ಬಾಗಿಲ ಬೆಂಚನ್ನು ಮುಟ್ಟಿದಳು, ಯಂತ್ರವನ್ನೂ ಗಾಜನ್ನೂ ಮುಟ್ಟಿದಳು. ಕೊನೆಗೆ ನನ್ನ ಮುಂದೆ ಬಂದು ನಿಂತಳು. ಮುಟ್ಟಲು ಕುರ್ಚಿಯ ತೋಳಿಲ್ಲ. ಒಂದು ಕ್ಷಣ ತಡೆದಳು, ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟಳು. ಹದಿಮೂರು ವರ್ಷದಲ್ಲಿ ನನಗೆ ಕಾಫಿ ಕೊಟ್ಟಿದ್ದಾಳೆ, ಜ್ವರ ಬಂದಾಗ ಮಾತ್ರೆ ಕೊಟ್ಟಿದ್ದಾಳೆ, ಆದರೆ ಹೀಗೆ ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ. ಅವಳ ಬೆರಳುಗಳು ತಣ್ಣಗಿದ್ದವು. ಬಾಯಲ್ಲೇ ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಂಡು, ಚಪ್ಪಲಿ ಹಾಕಿಕೊಂಡು ಹೊರಟಳು.

ಹಗಲೆಲ್ಲ ನನಗೆ ದಾರಕ್ಕೆ ಸೂಜಿ ಪೋಣಿಸಲೂ ಆಗಲಿಲ್ಲ. ಅಂದರೆ ಸೂಜಿಗೆ ದಾರ. ನೋಡಿ, ಈಗಲೂ ನೆನೆದರೆ ತಡವರಿಸುತ್ತೇನೆ.

ಐದು ಗಂಟೆಗೆ ಬೀದಿಯಲ್ಲಿ ಅವಳ ಹೆಜ್ಜೆ ಕೇಳಿಸಿತು. ನಡೆದು ಬರುತ್ತಿರಲಿಲ್ಲ, ಓಡಿ ಬರುತ್ತಿದ್ದಳು. ಒಳಗೆ ನುಗ್ಗಿದವಳೇ ಹೊಸ ಪಟ್ಟಿಗೆ ಕಾಲು ಜಜ್ಜಿಕೊಂಡು, ಅದನ್ನು ಲೆಕ್ಕಿಸದೆ, "ಒಂದೇ ತಪ್ಪು ಅತ್ತೆ! ಒಂದೇ ಒಂದು! ಎಲ್ಲರಿಗಿಂತ ಕಡಿಮೆ ನಂದೇ!" ಎಂದಳು. ಮಗ ಅವಳನ್ನು ಎತ್ತಿ ಲಿಫ್ಟಿನಂತೆ ಮೇಲಕ್ಕೂ ಕೆಳಕ್ಕೂ ಮಾಡಿದ. ಮೊಮ್ಮಗಳು ಸೋಫಾ ಮೇಲೆ ಕುಣಿದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಕಣ್ಣಲ್ಲಿ ನೀರೂ ಬಂತು, ಮುಚ್ಚಿಡುವುದೇಕೆ?

"ಯಾವುದು ತಪ್ಪಾಗಿದ್ದು?" ಎಂದೆ. ಹೊಲಿಗೆಯವಳ ಬುದ್ಧಿ.

"ನಿತ್ರಾಣದ ವೀಕ್. ಕೆಟಲಿನ ಹಿಡಿ ಮೊದಲಿನಷ್ಟು ಸಡಿಲ ಆಗಿರಲಿಲ್ಲ."

"ನಾನು ಹೇಳ್ಲಿಲ್ವಾ?" ಎಂದು ಮಗನ ಕಡೆ ತಿರುಗಿದೆ. "ಇನ್ನೊಂದು ಸುತ್ತು ಬಿಚ್ಚು ಅಂತ!"

"ಇಪ್ಪತ್ತೆಂಟನೇ ವಾಕ್ಯದಲ್ಲಿ ಎರಡೂ ಒಟ್ಟಿಗೆ ಬಂದ್ವು ಅತ್ತೆ," ಎಂದಳು ಸೊಸೆ. "ರೋಗಿಗಳು ತಾಳ್ಮೆಯಿಂದ ಕಾಯಬೇಕು ಅಂತ. ರೋಗಿಗಳು ಬೆಂಚಲ್ಲಿ ಸಿಕ್ಕಿದ್ರು. ಕಿಟಕಿ ಹತ್ರ ನೋಡ್ತೀನಿ, ಸ್ಟೂಲ್ ಮೇಲೆ ನೀವು. ಸುಟ್ಟ ಟೋಸ್ಟ್ ನೋಡಿಕೊಂಡು, ತುಟಿ ಬಿಗಿ ಹಿಡಿದು. ಪರೀಕ್ಷೆ ಕೋಣೆಯಲ್ಲೇ ನಕ್ಕುಬಿಟ್ಟೆ. ಕೆಂಪು ಪೆನ್ಸಿಲ್ ಎದ್ದು ಬಂದು ಏನು ತಮಾಷೆ ಅಂತ ಕೇಳಿದ್ರು."

"ಏನಂದೆ?"

"ಮನೆ ನೆನಪಾಯ್ತು ಅಂದೆ."

ಅವಳು ಖಾಯಂ ಆಗಿ ಈಗ ಎಂಟು ತಿಂಗಳು. ಓದುವ ಮೇಜು ಕಿಟಕಿಯಿಂದ ಮೂರು ಅಡಿ ಈಚೆಗೆ, ಯಾವ ಪದಕ್ಕೂ ಅಡ್ಡವಾಗದ ಜಾಗದಲ್ಲಿದೆ. ಗಡಿಯಾರ ನಾಲ್ಕು ಇಪ್ಪತ್ತನ್ನೇ ತೋರಿಸುತ್ತದೆ. ಬಂದವರು ಯಾಕೆ ರಿಪೇರಿ ಮಾಡಿಸಿಲ್ಲ ಎಂದರೆ ಮಗ ಈಗ ಎದೆಯುಬ್ಬಿಸಿ ಕಾರಣ ಹೇಳುತ್ತಾನೆ. ಎರಡು ತಿಂಗಳ ಕೆಳಗೆ ಕ್ಷೌರಿಕ ತಿರುಗುವ ಕುರ್ಚಿಗಳನ್ನು ತರಿಸಿಕೊಂಡು ನನ್ನದನ್ನು ತಾನೇ ಹೊತ್ತು ತಂದುಕೊಟ್ಟ. ಅದಕ್ಕೆ ಇನ್ನೂ ಸೋಪಿನ ವಾಸನೆಯಿದೆ. ನಾನು ಮತ್ತೆ ಅದರಲ್ಲೇ ಕೂರುತ್ತೇನೆ, ಅಲ್ಲಿಂದಲೇ ಬೈಯುತ್ತೇನೆ.

ಆದರೆ ಬೆಳಿಗ್ಗೆ ಎಂಟಾಗುವಾಗ ಸುಮ್ಮನಾಗುತ್ತೇನೆ. ಸೊಸೆ ಸುತ್ತು ಮುಗಿಸಿ ಬರುತ್ತಾಳೆ. ಕುರ್ಚಿಯ ತೋಳು ಕೈಗೆಟುಕುವ ಹಾಗೆ ಅಲ್ಲೇ ಇದೆ. ಅವಳು ಅದನ್ನು ಮುಟ್ಟುವುದಿಲ್ಲ, ನನ್ನ ಹೆಗಲು ಮುಟ್ಟುತ್ತಾಳೆ. "ಪರೀಕ್ಷೆ ಮುಗೀತಲ್ಲ, ಕುರ್ಚಿನೂ ಬಂತಲ್ಲ, ಇನ್ನೂ ಯಾಕೆ?" ಎಂದು ಒಂದು ದಿನ ಕೇಳಿದೆ.

"ಆ ಪದ ಮನೆ ಬದಲಾಯಿಸಿದೆ ಅತ್ತೆ," ಎಂದಳು. ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋದಳು.